ಕುಷಾಯಿಗೂಡದ ಬಿಳಿ ರವಿವಾರ

ನಮ್ಮ ಕಡೆಯ ಜನ ‘ಒಮ್ಮೆ ಮನಿಗೆ ಬರ್ರಿ’ ಅಂದರೆ ಅದು ಊಟಕ್ಕೆ ಕರೆದದ್ದಲ್ಲ, ಮಾತು ಮುಗಿಯಿತು ಎಂದು ತಿಳಿಸಿದ್ದು. ಎದುರಿನವರೂ ‘ಬರ್ತೀವಿ ತಗೋರಿ’ ಅನ್ನುತ್ತಾರೆ. ಯಾರೂ ಬರುವುದಿಲ್ಲ. ಎರಡೂ ಮನೆಯ ಮರ್ಯಾದೆ ಉಳಿಯುತ್ತದೆ. ರಾಯಚೂರು ಬಿಟ್ಟು ಹೈದರಾಬಾದಿಗೆ ಬಂದು ಮೂರು ತಲೆಮಾರಾದರೂ ನಮ್ಮ ಮನೆತನ ಈ ಪದ್ಧತಿ ಬಿಟ್ಟಿಲ್ಲ. ಇದೇ ಮಾತನ್ನು ನಾನು ಒಮ್ಮೆ ಸಮೋವಾ ದೇಶದ ಹೆಣ್ಣುಮಗಳೊಬ್ಬರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಚೀಲದಿಂದ ಡೈರಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, “ಎಷ್ಟು ಗಂಟೆಗೆ?” ಎಂದು ಕೇಳಿದರು.

ಆಗ ಹೈದರಾಬಾದು ಇನ್ನೂ ಒಡೆಯದ ಆಂಧ್ರಪ್ರದೇಶದ ರಾಜಧಾನಿ. ಮಾದಾಪುರದ ಕಡೆ ಬಂಡೆ ಸಿಡಿಸಿ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದರು. ಊರಿನ ಈ ತುದಿಯವರಾದ ನಾವು ಅದನ್ನು ಪೇಪರಿನಲ್ಲಿ ನೋಡುತ್ತಿದ್ದೆವು. ನಾನು ಕುಷಾಯಿಗೂಡದ ಹತ್ತಿರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದೆ. ತಯಾರಾದ ಸಾಮಾನು ನನ್ನ ಮೇಜಿಗೆ ಬರುವುದು, ನಾನು ಅದರಲ್ಲಿ ತಪ್ಪು ಹುಡುಕುವುದು. ಬೇರೆ ಗಂಡಸರು ಮನೆಯಲ್ಲಿ ಪುಕ್ಕಟೆ ಮಾಡುವ ಕೆಲಸಕ್ಕೆ ನನಗೆ ಸಂಬಳ ಸಿಗುತ್ತಿತ್ತು. ಮನೆಯಲ್ಲಿ ಪುಕ್ಕಟೆಯೂ ಮಾಡುತ್ತಿದ್ದೆ ಅನ್ನಿ.

ಊರಿನ ಇನ್ನೊಂದು ತುದಿಯ ಒಂದು ತರಬೇತಿ ಸಂಸ್ಥೆಗೆ ಹೊರದೇಶದ ಅಧಿಕಾರಿಗಳು ಎರಡು-ಮೂರು ತಿಂಗಳ ಮಟ್ಟಿಗೆ ಬರುತ್ತಿದ್ದರು. ಅಂಥ ಒಂದು ತಂಡ ಎರಡು ವಾರದ ಮಟ್ಟಿಗೆ ನಮ್ಮ ಕಾರ್ಖಾನೆಗೂ ಬಂತು. ಪೆಸಿಫಿಕ್ ಸಾಗರದ ಸಣ್ಣ ದ್ವೀಪದೇಶ ಸಮೋವಾದ ಆ ಹೆಣ್ಣುಮಗಳು ಆ ತಂಡದಲ್ಲಿದ್ದರು. ಅವರ ಸರ್ಕಾರದ ಸಣ್ಣ ಕೈಗಾರಿಕೆಗಳ ಖಾತೆಯವರು. ನಲವತ್ತರ ಆಸುಪಾಸಿನ ವಯಸ್ಸು, ಎತ್ತರದ ಆಳು, ಕಿವಿಯ ಹತ್ತಿರ ಒಂದಿಷ್ಟು ನರೆ. ಉಳಿದವರು ತಲೆಯಾಡಿಸಿ ಮುಂದೆ ಹೋದರೆ ಇವರು ನಿಂತು ‘ಯಾಕೆ?’ ಎಂದು ಕೇಳುತ್ತಿದ್ದರು. ನಾನು ಅವರನ್ನು ಮೇಡಂ ಅನ್ನುತ್ತಿದ್ದೆ.

ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ಅವರು ತಮ್ಮ ದೇಶದ ಹಬ್ಬದ ಸುದ್ದಿ ತೆಗೆದರು. ಅಕ್ಟೋಬರಿನ ಎರಡನೆಯ ರವಿವಾರ. ಬಿಳಿ ರವಿವಾರ ಅಂತಲೇ ಹೆಸರು. ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಚರ್ಚಿಗೆ ಹೋಗುತ್ತಾರೆ. ಅವತ್ತು ದೊಡ್ಡವರು ಕೇಳುವವರು, ಮಕ್ಕಳು ಹೇಳುವವರು. ಒಬ್ಬೊಬ್ಬರೇ ಎದ್ದು ಬಾಯಿಪಾಠ ಒಪ್ಪಿಸುತ್ತಾರೆ. ಮನೆಗೆ ಬಂದ ಮೇಲೆ ಊಟಕ್ಕೆ ಮಕ್ಕಳೇ ಮೊದಲು ಕೂಡುತ್ತಾರೆ, ಹಿರಿಯರು ನಿಂತು ಬಡಿಸುತ್ತಾರೆ. ಉಳಿದ ದಿನ ಹಿರಿಯರು ಉಂಡೆದ್ದ ಮೇಲೆಯೇ ಮಕ್ಕಳ ಪಾಳಿ. ಮರುದಿನ ಸೋಮವಾರ ಇಡೀ ದೇಶಕ್ಕೆ ರಜೆ.

“ನನ್ನ ಮಗನಿಗೆ ಆರು ವರ್ಷ. ಈ ಸಲ ಮೊದಲ ಬಾರಿ ಒಬ್ಬನೇ ನಿಲ್ಲುತ್ತಾನೆ,” ಎಂದರು. ಸಕ್ಕರೆ ಎಂದೋ ಕರಗಿತ್ತು, ಚಮಚೆ ತಿರುಗುತ್ತಲೇ ಇತ್ತು. “ಈ ಸಲ ನಾನು ಬಡಿಸಲು ಇಲ್ಲಿ ಯಾರೂ ಇಲ್ಲ. ನಿಮಗೂ ಮಗಳಿದ್ದಾಳೆ ಅಂದಿರಲ್ಲ, ಅವಳು ಜನರ ಮುಂದೆ ಏನು ಹೇಳುತ್ತಾಳೆ?”

ಅದನ್ನು ಕೇಳಬಾರದಿತ್ತು. ಅಥವಾ ನಾನು ಉತ್ತರ ಕೊಡಬಾರದಿತ್ತು. ನನ್ನ ಮಗಳು ಮೂರನೆಯ ಕ್ಲಾಸು, ಎಂಟು ವರ್ಷ, ಮತ್ತು ಒಂದು ವರ್ಷದಿಂದ ಅವಳು ನಾಲ್ಕು ಜನರ ಮುಂದೆ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲಿ ಮಾತಾಡುತ್ತಿದ್ದಳು, ಓಣಿಯಲ್ಲಿ ತೆಲುಗಿನಲ್ಲಿ ಜಗಳಾಡುತ್ತಿದ್ದಳು. ಯಾರಾದರೂ ‘ಎಲ್ಲಿ, ಎದ್ದು ನಿಂತು ಹೇಳು’ ಅಂದರೆ ಮುಗಿಯಿತು, ತುಟಿಗೆ ಹೊಲಿಗೆ ಹಾಕಿದಂತೆ. ಶಾಲೆಯಿಂದ ಎರಡು ಸಲ ಡೈರಿಯಲ್ಲಿ ಬರೆದು ಕಳಿಸಿದ್ದರು, ಬಾಯಿಪ್ರಶ್ನೆಯ ಪರೀಕ್ಷೆಯಲ್ಲಿ ಇವಳು ನಿಂತೇ ಇರುತ್ತಾಳೆ ಅಂತ. ಅಬಿಡ್ಸಿನಲ್ಲಿ ಒಬ್ಬ ಕಿವಿ-ಗಂಟಲಿನ ಡಾಕ್ಟರರಿಗೂ ತೋರಿಸಿದ್ದೆ. ಅವರು ಬ್ಯಾಟರಿ ಬಿಟ್ಟು ನೋಡಿ, “ಗಂಟಲು ಚೆನ್ನಾಗಿದೆ. ಮನೆಯಲ್ಲಿ ಹೆಚ್ಚು ಮಾತಾಡೋರು ಯಾರು?” ಅಂದರು. ನನ್ನ ಹೆಂಡತಿ ನನ್ನ ಕಡೆ ನೋಡಿದಳು. ಡಾಕ್ಟರರಿಗೆ ಅಷ್ಟು ಸಾಕಾಯಿತು.

ಕಾರಣ ನಾನೇ. ಹಿಂದಿನ ವರ್ಷ ಕನ್ನಡಿಗರ ಸಂಘದ ಸಮಾರಂಭದಲ್ಲಿ ತುಂಗಭದ್ರೆಯ ಬಗ್ಗೆ ಅವಳು ನಾಲ್ಕು ವಾಕ್ಯ ಹೇಳಬೇಕಿತ್ತು. ಬರೆದವನು ನಾನು, ಇಪ್ಪತ್ತು ದಿನ ಹೇಳಿಸಿದವನು ನಾನು, ಹಾಳೆ ಹಿಡಿದು ಮುಂದಿನ ಸಾಲಿನಲ್ಲಿ ಕೂತವನೂ ನಾನು. ಎರಡು ವಾಕ್ಯ ಸರಾಗ ಆದವು. ಮೂರನೆಯದಕ್ಕೆ ಮುಂಚೆ ಅವಳು ಒಂದು ಉಸಿರು ತೆಗೆದುಕೊಂಡಳು. ಮರೆತಳು ಅಂದುಕೊಂಡು ನಾನು ಪಿಸುಗುಟ್ಟಿದೆ. ಯಂತ್ರಗಳ ಸದ್ದಿನಲ್ಲಿ ಕೆಲಸ ಮಾಡುವವನ ಪಿಸುಮಾತು ಹೇಗಿರುತ್ತದೆ ನೀವೇ ಊಹಿಸಿ. ಅವಳು ನನ್ನ ಕಡೆ ನೋಡಿದಳು. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಹೇಳಿದೆ. ಮೂರನೆಯ ಸಲಕ್ಕೆ ಎದ್ದೇ ನಿಂತೆ. ಸಭೆ ನಕ್ಕಿತು. ನಕ್ಕದ್ದು ನನ್ನನ್ನು ನೋಡಿ; ಆದರೆ ವೇದಿಕೆಯ ಮೇಲಿನ ಮಗುವಿಗೆ ಆ ಲೆಕ್ಕ ಎಲ್ಲಿಂದ ತಿಳಿಯಬೇಕು? ಬದಿಯ ಮೆಟ್ಟಿಲಿನಿಂದ ಇಳಿದುಬಿಟ್ಟಳು. ಬಸ್ಸಿನಲ್ಲಿ ಬರುವಾಗ ಕಿಡಕಿಯ ಕಡೆ ಮುಖ ಮಾಡಿಕೊಂಡು ಅಂದಳು: “ಅಪ್ಪಾ, ನನಗ ನೆನಪಿತ್ತು. ನೀ ಹೇಳಾಕತ್ತಿದಿ ಅಂತ ಮರತಹೋತು.”

ಇಷ್ಟನ್ನೂ ಒಂದು ವಾರದ ಪರಿಚಯದ ಮೇಡಂ ಮುಂದೆ ಒದರಿಬಿಟ್ಟೆ. ಅವರು ನಗಲೂ ಇಲ್ಲ, ಅಯ್ಯೋ ಅನ್ನಲೂ ಇಲ್ಲ. “ನಮ್ಮ ಮನೆಯಲ್ಲಿ ಬಿಳಿ ರವಿವಾರ ಒಂದು ನಿಯಮ ಇದೆ,” ಎಂದರು. “ಆ ದಿನ ಮಕ್ಕಳನ್ನು ತಿದ್ದುವಂತಿಲ್ಲ. ಮರೆತರೆ ನೆನಪಿಸುವಂತಿಲ್ಲ. ಎಷ್ಟು ಹೊತ್ತು ನಿಂತರೂ ನಿಲ್ಲಲಿ.”

“ಎಷ್ಟು ಹೊತ್ತು ಅಂದರೆ?”

“ನನ್ನ ತಮ್ಮ ಚಿಕ್ಕವನಿದ್ದಾಗ ನಿಂತದ್ದು ಎಷ್ಟು ಹೊತ್ತೆಂದರೆ, ನಿಂತು ಕೇಳುತ್ತಿದ್ದ ಪಾದ್ರಿಗಳು ಕೂತರು.”

ಈ ಮಾತು ಹೇಗಾದರೂ ಮುಗಿಯಲಿ ಎಂದು, ನಮ್ಮವರು ಮಾತು ಮುಗಿಸುವ ರೀತಿಯಲ್ಲೇ ಮುಗಿಸಿದೆ: ಒಮ್ಮೆ ಮನೆಗೆ ಬನ್ನಿ. ಡೈರಿ ಹೊರಬಂದದ್ದು ಆಗ. ಎರಡನೆಯ ರವಿವಾರ ಮಧ್ಯಾಹ್ನ ಹನ್ನೆರಡೂವರೆ ಎಂದು ಬರೆದುಕೊಂಡರು. ಬಿಳಿ ರವಿವಾರ ನಮ್ಮ ಮನೆಯಲ್ಲೇ, ನನ್ನ ಮಗಳಿಗೂ ಅವಳ ಜೊತೆಯ ಮಕ್ಕಳಿಗೂ ಅವರೇ ಕೈಯಾರೆ ಬಡಿಸುವುದು ಎಂದು ಅಲ್ಲೇ ನಿಶ್ಚಯವಾಯಿತು.

ಮನೆಯಲ್ಲಿ ಸುದ್ದಿ ಮುಟ್ಟಿಸಿದಾಗ ಹೆಂಡತಿ, “ಕರದೀರಿ ಅಂದಮ್ಯಾಲೆ ಕರದೀರಿ. ಈಗ ಮಾರಿ ಯಾಕ ಹಿಂಗ ಮಾಡ್ಕೊಂಡು ಕುಂತೀರಿ?” ಅಂದಳು.

“ಅವರು ಏನು ತಿಂತಾರೋ ಏನೋ. ನಮ್ಮದು ಬರೇ ಕಾಯಿಪಲ್ಲೆ.”

ಅಡುಗೆಮನೆಯಿಂದ ಅವ್ವ ಕೇಳಿದಳು: “ಏನೇನು ತಿಂತಾಳಂತ ಆಕಿ?”

“ಎಲ್ಲಾ ತಿಂತಾರಂತ, ಅವ್ವ.”

“ಎಲ್ಲಾ ತಿನ್ನಾಕಿಗೆ ನಮ್ಮದೂ ತಿನ್ನಾಕ ಬರತೈತಿ. ಏನೂ ತಿನ್ನದಾಕಿ ಬಂದಿದ್ರ ಚಿಂತಿ ಮಾಡಬೇಕಿತ್ತು.” ಅಷ್ಟಕ್ಕೆ ಆ ಚಿಂತೆಯ ಕಥೆ ಮುಗಿಯಿತು. ಮಕ್ಕಳು ಮೊದಲು ಉಣ್ಣುವ ಹಬ್ಬ ಅಂದಾಗ ಮಾತ್ರ ಅವ್ವ ಮೂಗು ಮುರಿದಳು. “ಅದರಾಗೇನು ದೊಡ್ಡದೈತಿ? ನಮ್ಮನ್ಯಾಗ ದಿನಾ ಹುಡುಗೂರ ಮೊದಲು. ಸೊಸಿ ಮೊದಲು ಉಣ್ಣೋ ಹಬ್ಬ ಯಾವ ದೇಶದಾಗ ಐತಿ ಕೇಳು, ಅದನ್ನ ಮಾಡೋಣು.”

ನನ್ನ ಹೆಂಡತಿ ಅತ್ತೆಯ ಈ ಮಾತನ್ನು ಮುಂದೆ ಎಷ್ಟು ಸಲ ಎತ್ತಿ ಆಡಿದ್ದಾಳೋ ಲೆಕ್ಕವಿಲ್ಲ.

ಆಮೇಲೆ ಬಿಳಿ ಬಟ್ಟೆಯ ಚಿಂತೆ. ಮೂರು ದಿನ ಡ್ಯೂಟಿ ಮುಗಿದ ಮೇಲೆ ಅಂಗಡಿ ಅಲೆದೆ. ನವರಾತ್ರಿ ಹತ್ತಿರ ಬಂದ ಹೊತ್ತು, ಎಲ್ಲಿ ನೋಡಿದರೂ ಜರಿ, ಕೆಂಪು, ಹಸಿರು. ಅಬಿಡ್ಸಿನ ಒಂದು ಅಂಗಡಿಯವನು ನಾನು ಬಿಳಿ ಬಿಳಿ ಎಂದು ಕನವರಿಸುವುದನ್ನು ಕೇಳಿ, ದನಿ ತಗ್ಗಿಸಿ, “ಮನೆಯಲ್ಲಿ ಏನಾದರೂ ಆಯಿತಾ ಸಾಬ್?” ಎಂದು ವಿಚಾರಿಸಿದ. ನಾಲ್ಕನೆಯ ದಿನ ಹೆಂಡತಿಗೆ ನನ್ನ ಪಾಡು ಹೇಳಿಕೊಂಡೆ. ಆಕೆ ಅರಿವೆ ಮಡಚುತ್ತಿದ್ದಳು. ಮಡಚಿದ ಗಂಟಿನಿಂದ ಬಿಳಿ ಸ್ಕರ್ಟು, ಬಿಳಿ ಅಂಗಿ ಎತ್ತಿ ತೋರಿಸಿ, “ಇದೇನು?” ಅಂದಳು.

ಶನಿವಾರದ ಡ್ರಿಲ್ ಯೂನಿಫಾರ್ಮು. ನಮ್ಮ ಓಣಿಯ ಪ್ರತಿ ಮನೆಯಲ್ಲೂ, ಪ್ರತಿ ಮಗುವಿಗೂ ಒಂದು ಜೊತೆ ಇದ್ದೇ ಇತ್ತು. ಪ್ರತಿ ಶನಿವಾರ ಬೆಳಿಗ್ಗೆ ಅದರ ಮೇಲೆ ಚಹಾ ಚೆಲ್ಲೀತು ಎಂದು ಒದರುತ್ತಿದ್ದವನು ನಾನೇ.

ಅಷ್ಟರಲ್ಲಿ ಹೊಸ ಚಿಂತೆ ಹುಟ್ಟಿತು. ಅಟ್ಲಾಸು ತೆಗೆದು ನೋಡಿದರೆ ಸಮೋವಾ ನಮಗಿಂತ ಹದಿನಾರು-ಹದಿನೇಳು ತಾಸು ಹಿಂದೆ. ಅಂದರೆ ನಮ್ಮ ರವಿವಾರದ ಮಧ್ಯಾಹ್ನ ಅಲ್ಲಿ ಇನ್ನೂ ಶನಿವಾರದ ಸಂಜೆ. ಹಬ್ಬವೇ ಹುಟ್ಟಿರುವುದಿಲ್ಲ! ಕಾರ್ಖಾನೆಯಲ್ಲಿ ಮೇಡಂ ಅವರಿಗೆ ಇದನ್ನು ಗಂಭೀರವಾಗಿಯೇ ಕೇಳಿದೆ: ಒಂದು ದಿನ ಮುಂದಕ್ಕೆ ಹಾಕೋಣವೇ? ಅವರು ಅವತ್ತು ಮೊದಲ ಸಲ ಬಾಯ್ತುಂಬ ನಕ್ಕರು. “ನೀವು ಇಷ್ಟೆಲ್ಲ ನೋಡುತ್ತೀರಾ? ನೀವು ನಿಂತಲ್ಲಿ ಯಾವ ವಾರವೋ ಅದೇ ವಾರ.” ಆಮೇಲೆ ಹೇಳಿದರು, “ಮಗಳಿಗೆ ಹೇಳಿ: ಏನು ಬೇಕಾದರೂ ಹೇಳಬಹುದು. ಏನೂ ಹೇಳದೆಯೂ ನಿಲ್ಲಬಹುದು. ಊಟ ಎರಡಕ್ಕೂ ಇದೆ.”

ಮಗಳಿಗೆ ಹೇಳುವ ಕೆಲಸ ಹೆಂಡತಿಗೆ ಬಿಟ್ಟೆ. ಬಾಗಿಲ ಹಿಂದೆ ನಿಂತು ಕೇಳಿದೆ, ಅದು ಬೇರೆ ಮಾತು.

“ಅಪ್ಪ ಸುಮ್ಮನ ಇರ್ತಾನ?” ಅವಳ ಮೊದಲ ಪ್ರಶ್ನೆ ಅದೇ.

“ಇರ್ತಾನಂತ.”

“ಬರದು ಕೊಡು ಅನ್ನು.”

ಬರೆದುಕೊಟ್ಟೆ. ‘ನಾನು ಸುಮ್ಮನಿರುತ್ತೇನೆ’ ಎಂದು ಬರೆದು, ಕಾರ್ಖಾನೆಯ ರೂಢಿಯಂತೆ ಕೆಳಗೆ ಸಹಿ, ತಾರೀಖು. ಅವಳು ಎರಡು ಸಲ ಓದಿ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು. ಏನು ಹೇಳುತ್ತಾಳೆ ಎಂದು ಕೇಳುವ ಹಕ್ಕು ಅಲ್ಲಿಗೆ ಹೋಯಿತು. ಒಂದೆರಡು ದಿನ ಕನ್ನಡಿಯ ಮುಂದೆ ಏನೋ ಗುನುಗುತ್ತಿದ್ದಳು, ನಾನು ಹೋದರೆ ಬಂದ್.

ಆ ರವಿವಾರ ಮೇಡಂ ಅವರನ್ನು ಸಂಸ್ಥೆಯಿಂದ ಕರೆತರಲು ಆಟೋ ಮಾಡಿಕೊಂಡು ಹೋದೆ. ಚರ್ಚು ಮುಗಿಸಿ ಬಂದು ಕಾಯುತ್ತಿದ್ದರು: ಮೈತುಂಬ ಬಿಳಿ ಉಡುಪು, ತಲೆಗೆ ಬಿಳಿ ಹ್ಯಾಟು, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಎರಡು ದೊಡ್ಡ ಐಸ್‌ಕ್ರೀಮ್ ಡಬ್ಬಿ. ಐಸ್‌ಕ್ರೀಮ್ ಇಲ್ಲದೆ ಅವರ ಊರಿನ ಮಕ್ಕಳು ಆ ದಿನವನ್ನು ಹಬ್ಬ ಅಂತ ಒಪ್ಪುವುದಿಲ್ಲವಂತೆ. ಊರಿನ ಆ ತುದಿಯಿಂದ ಕುಷಾಯಿಗೂಡದವರೆಗೆ ಪ್ರತಿ ಸಿಗ್ನಲ್ಲಿನಲ್ಲೂ ನಾನು ಡಬ್ಬಿಯ ತಳ ಮುಟ್ಟಿ ನೋಡಿದೆ. ಅವರು ಹೊರಗಿನ ಊರು ನೋಡುತ್ತ ಆರಾಮಾಗಿ ಕೂತಿದ್ದರು.

ಮನೆ ಮುಟ್ಟುವಷ್ಟರಲ್ಲಿ ಐಸ್‌ಕ್ರೀಮ್ ಪಾಯಸವಾಗಿತ್ತು, ಮತ್ತು ಕರೆದ ಮೂರು ಮಕ್ಕಳ ಜಾಗದಲ್ಲಿ ಒಂಬತ್ತು ಮಕ್ಕಳಿದ್ದರು. ಎಲ್ಲರೂ ಡ್ರಿಲ್ ಯೂನಿಫಾರ್ಮಿನಲ್ಲಿ, ಬಿಳಿ ಪಾಲಿಶ್ ಬಳಿದ ಕ್ಯಾನ್ವಾಸ್ ಬೂಟಿನಲ್ಲಿ, ಅಂಗಳದಲ್ಲಿ ಸಾಲಾಗಿ. ಮೇಡಂ ಗೇಟಿನ ಹತ್ತಿರವೇ ನಿಂತುಬಿಟ್ಟರು. “ಇವೆಲ್ಲ ಇದಕ್ಕಾಗಿ ಹೊಲಿಸಿದಿರಾ?” ಎಂದು ಕೇಳಿದರು. ನಾನು ಇಲ್ಲ ಅನ್ನಲು ಬಾಯಿ ತೆರೆದೆ, ಹೆಂಡತಿ ಕಾಲು ತುಳಿದಳು. ಅವ್ವ ಮಾತ್ರ ಬರೀ ಬಿಳಿಯಲ್ಲಿ ಮಕ್ಕಳನ್ನು ನೋಡಲಾರದೆ ಒಂಬತ್ತು ಹಣೆಗೂ ಕುಂಕುಮ ಇಟ್ಟಿದ್ದಳು. ಹತ್ತನೆಯದಾಗಿ ಮೇಡಂ ಹಣೆಗೂ ಇಟ್ಟಳು. ಅವರು ಹ್ಯಾಟು ತೆಗೆದು ತಲೆ ಬಗ್ಗಿಸಿದರು.

ಮಕ್ಕಳು ಹೇಳಿದ ನಂತರವೇ ಊಟ. ಎದುರುಮನೆಯ ಹುಡುಗಿ ಹದಿಮೂರರ ಮಗ್ಗಿ ಒಪ್ಪಿಸಿದಳು. ಹದಿಮೂರು ಎಂಟಲೆ ಎನ್ನುವಲ್ಲಿ ತಪ್ಪಿದಳು, ಯಾರೂ ಹುಂ ಅನ್ನಲಿಲ್ಲ. ಇನ್ನೊಬ್ಬ ಕಂಡಕ್ಟರನ ದನಿಯಲ್ಲಿ ಕುಷಾಯಿಗೂಡದಿಂದ ಅಬಿಡ್ಸಿನವರೆಗಿನ ಸ್ಟಾಪುಗಳನ್ನೆಲ್ಲ ಕೂಗಿದ. ನಡುವೆ ಎರಡು ಸ್ಟಾಪು ಹಾರಿಸಿದ, ನಾನು ನಾಲಿಗೆ ಕಚ್ಚಿಕೊಂಡೆ. ಮೇಡಂ ಪ್ರತಿಯೊಬ್ಬರನ್ನೂ ಒಂದೇ ಗಾಂಭೀರ್ಯದಿಂದ ಕೇಳುತ್ತಿದ್ದರು. ಕೊನೆಗೆ ನನ್ನ ಮಗಳು.

ಮೆಟ್ಟಿಲ ಮೇಲೆ ಬಂದು ನಿಂತಳು. ನನ್ನ ಕೈಯಲ್ಲಿ ಹೋಳಿಗೆಯ ಬುಟ್ಟಿ. ಬಡಿಸುವ ಕೆಲಸ ನನಗೆ ವಹಿಸಿದ್ದರು. ಏನು ಹೇಳುತ್ತಾಳೋ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ನೆನಪಿಸುವ ಹಾಗಿಲ್ಲ. ಅಂಥ ಪರಿಸ್ಥಿತಿ ನನ್ನ ಬದುಕಿನಲ್ಲಿ ಅದೇ ಮೊದಲು. ಅವಳು ಎರಡೂ ಕೈಯಿಂದ ಅಂಗಿಯ ಜೇಬು ತಟ್ಟಿಕೊಂಡಳು. ಒಮ್ಮೆ, ಮತ್ತೊಮ್ಮೆ, ಮೂರನೆಯ ಸಲ. ಹುಬ್ಬು ಗಂಟಿಕ್ಕಿದಳು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡದ್ದನ್ನು ಕಂಡಾಗಲೂ ನನಗೆ ಹೊಳೆಯಲಿಲ್ಲ.

“ಗ್ಯಾಸ್ ಬಂದ್ ಮಾಡೀಯೇನು?” ಅಂದಳು ಮಗಳು, ಗಡಸು ದನಿಯಲ್ಲಿ. “ನೋಡಿ ಹೇಳು. ನೆನಪಿನ ಮ್ಯಾಲೆ ಹೇಳಬ್ಯಾಡ. ಹಿತ್ತಲ ಬಾಗಲಾ? ಕಿಡಕಿ? ಮಳಿ ಬಂದ್ರ ಒಳಗ ನೀರು ಬರತೈತಿ. ಮಳಿ ಬರಂಗಿಲ್ಲ ಅಂತ ನಿನಗ ಯಾರು ಹೇಳ್ಯಾರ? ಇಸ್ತ್ರಿ ಪೆಟ್ಟಿಗಿ ಪ್ಲಗ್ಗು ತಗದೀಯೇನು? ಇವತ್ತು ಇಸ್ತ್ರಿ ಮಾಡಿಲ್ಲ ಅಂದ್ರೂ ಹೋಗಿ ನೋಡು.”

ಅದು ನಾನು. ಪ್ರತಿ ಮುಂಜಾನೆ ಡ್ಯೂಟಿಗೆ ಹೋಗುವಾಗ ಬಾಗಿಲಲ್ಲಿ ನಿಂತು ನಾನು ಒಪ್ಪಿಸುವ ಪಾಠ. ಯಾರೂ ಬರೆದುಕೊಡದೆ, ಯಾರೂ ಹೇಳಿಸದೆ, ಅವಳಿಗೆ ಅಕ್ಷರ ಬಿಡದೆ ಬಾಯಿಗೆ ಬಂದಿತ್ತು. ಕನ್ನಡ ಬಾರದ ಓಣಿಯ ಮಕ್ಕಳೂ ಕಿಸಿಕಿಸಿ ಅನ್ನತೊಡಗಿದವು. ಗೇಟಿನಾಚೆಯಿಂದ ಅವು ದಿನಾ ಈ ಆಟ ನೋಡಿದ್ದವಲ್ಲ.

ಇಸ್ತ್ರಿಯ ನಂತರ ಅವಳು ನಿಂತಳು.

ಏನೂ ಇಲ್ಲ. ಕಿಸಿಕಿಸಿಯೂ ನಿಂತಿತು. ಅವಳು ತುಟಿ ಒದ್ದೆ ಮಾಡಿಕೊಂಡು ನೆಟ್ಟಗೆ ನನ್ನನ್ನೇ ನೋಡಿದಳು. ಮುಂದಿನದು ನೀರಿನ ಮೋಟರು. ಇಸ್ತ್ರಿ ಆದ ಮೇಲೆ ಮೋಟರು, ಮೋಟರು ಆದ ಮೇಲೆ ಕೀಲಿ. ಈ ಕ್ರಮ ಹತ್ತು ವರ್ಷದಲ್ಲಿ ಒಂದು ದಿನ ತಪ್ಪಿದ್ದಿಲ್ಲ. ಈ ಸಲದ ಪಾಠ ನನ್ನದೇ, ಜಗತ್ತಿನಲ್ಲಿ ಅದನ್ನು ನನಗಿಂತ ಚೆನ್ನಾಗಿ ನೆನಪಿಸಬಲ್ಲವನು ಇಲ್ಲ. ‘ಮೋ’ ಎಂಬ ಅಕ್ಷರ ಹಲ್ಲಿನ ಹಿಂದೆ ಬಂದು ಕೂತಿತು. ಹೋಳಿಗೆಯ ಬುಟ್ಟಿಯನ್ನು ಎದೆಗೆ ಒತ್ತಿ ಹಿಡಿದೆ. ಪಕ್ಕದ ಮನೆಯಲ್ಲಿ ಕುಕ್ಕರ್ ಒಂದು ಸೀಟಿ ಹಾಕಿತು. ನನ್ನ ಹೆಂಡತಿ ಮಗಳನ್ನು ನೋಡದೆ ನನ್ನನ್ನು ನೋಡುತ್ತಿದ್ದಳು. ಮೇಡಂ ತೊಡೆಯ ಮೇಲೆ ಕೈ ಮಡಚಿಕೊಂಡು, ಇವತ್ತಿಗೆ ಬೇರೆ ಕೆಲಸವೇ ಇಲ್ಲದವರಂತೆ ಕೂತಿದ್ದರು. ಕುಕ್ಕರ್ ಎರಡನೆಯ ಸೀಟಿ ಹಾಕಿತು. ಮಗಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಏನೂ ಹೇಳಲಿಲ್ಲ.

ಅವಳು ಒಂದು ಉಸಿರು ತೆಗೆದುಕೊಂಡಳು.

“ಆಮ್ಯಾಲೆ ಬಸ್ ಸ್ಟಾಪಿನ ತನಕ ಹೋಗಿ ಅಪ್ಪ ಹೊಳ್ಳಿ ಓಡಿ ಬರ್ತಾನ,” ಅಂದಳು, ಈಗ ತನ್ನದೇ ದನಿಯಲ್ಲಿ. “ಬಾಗಲಕ್ಕ ಕೀಲಿ ಹಾಕೇವಿಲ್ಲೋ ನೋಡಾಕ. ಅಜ್ಜಿ ದಿನಾ ಮನ್ಯಾಗ ಇರ್ತಾಳ.”

ಅವ್ವ ಮೊದಲು ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, “ಹೌದಲ್ಲೋ! ಒಂದಿನ ನನ್ನ ಒಳಗಿಟ್ಟು ಕೀಲಿ ಹಾಕಿ ಹೋಗಿದ್ದಿ!” ಅಂದಳು. ಅದು ನಿಜ, ಆದರೆ ಅಷ್ಟು ಜನರ ಮುಂದೆ ಹೇಳುವ ಅಗತ್ಯ ಇರಲಿಲ್ಲ. ಓಣಿಯ ಮಕ್ಕಳೆಲ್ಲ ಕುಣಿದರು. ನನ್ನ ಮಗಳು ಮೆಟ್ಟಿಲಿಂದ ಇಳಿಯಲಿಲ್ಲ. ನಗು ಮುಗಿಯುವವರೆಗೆ ಅಲ್ಲೇ ನಿಂತಿದ್ದಳು, ಅದು ತನಗೆ ಸಲ್ಲಬೇಕಾದದ್ದು ಎಂಬಂತೆ.

ಮೇಡಂ ನನ್ನ ಕಡೆ ತಿರುಗಿ, “ಏನು ಹೇಳಿದಳು?” ಎಂದರು. ಹೀಗಾಗಿ ಅದನ್ನೆಲ್ಲ ಇಂಗ್ಲಿಷಿಗೆ ತರುವ ಭಾಗ್ಯವೂ ನನ್ನದೇ ಆಯಿತು. ಮೋಟರನ್ನು ಸೇರಿಸಲಿಲ್ಲ. ಅವಳು ಹೇಳಿದ್ದಷ್ಟೇ ಹೇಳಿದೆ.

ಬಡಿಸುವಾಗ ನನ್ನ ಬಂಡವಾಳ ಬಯಲಾಯಿತು. ಹುಟ್ಟಿದಂದಿನಿಂದ ಉಂಡವನೇ ಹೊರತು ಬಡಿಸಿದವನಲ್ಲ. ಹೋಳಿಗೆಯ ಮೇಲೆ ತುಪ್ಪಕ್ಕೆ ಬದಲು ಸಾರು ಹಾಕಿದೆ. ಅವ್ವ, “ಏ ಹುಚ್ಚಾ, ಕೈ ತಗಿ!” ಅಂದಳು. ಇವತ್ತು ತಿದ್ದಬಾರದು ಎಂಬ ನಿಯಮ ನೆನಪಿಸಿದೆ. “ಹುಡುಗೂರನ್ನ ತಿದ್ದಬಾರದು ಅಂದಾರ. ನಿನ್ನ ತಿದ್ದಬಾರದು ಅಂತ ಯಾವ ದೇಶದಾಗೂ ಅಂದಿರಲಿಕ್ಕಿಲ್ಲ.” ಮೇಡಂ ಒಂಬತ್ತು ತಾಟಿಗೂ ಬಗ್ಗಿ ಬಗ್ಗಿ ಬಡಿಸಿದರು. ಅವ್ವ ಮಾಡಿದ ಚಾಮಗಡ್ಡಿಯ, ಅಂದರೆ ಕೆಸುವಿನ ಗಡ್ಡೆಯ, ಪಲ್ಯ ಕಂಡು, ಇದು ನಮ್ಮ ಊರಿನ ಗಡ್ಡೆ, ನಮ್ಮಲ್ಲಿ ಇದು ಕೂಸಿನ ತಲೆಯಷ್ಟು ದಪ್ಪ ಆಗುತ್ತದೆ ಎಂದು ಕೈಯಲ್ಲಿ ತೋರಿಸಿದರು. ಕರಗಿದ ಐಸ್‌ಕ್ರೀಮನ್ನು ಮಕ್ಕಳು ಹೋಳಿಗೆಗೆ ಹಚ್ಚಿಕೊಂಡು ತಿಂದರು. ಹಾಗೆ ತಿನ್ನುವುದೇ ಸಮೋವಾದ ಪದ್ಧತಿ ಎಂದು ನಮ್ಮ ಓಣಿಯಲ್ಲಿ ಬಹಳ ದಿನ ನಂಬಿದ್ದರು. ಎಲ್ಲರಿಗಿಂತ ಚಿಕ್ಕ ಹುಡುಗನ ತಾಟಿನ ಹತ್ತಿರ ಮೇಡಂ ಗಡಿಯಾರ ನೋಡಿಕೊಂಡರು. “ಅಲ್ಲಿ ಈಗ ಮಲಗುವ ಹೊತ್ತು. ನನ್ನ ಮಗ ಮಲಗಿರುವುದಿಲ್ಲ. ಬಾಯಿಪಾಠ ಮಾಡುತ್ತಿರುತ್ತಾನೆ,” ಎಂದರು. ಆಮೇಲೆ ಇನ್ನೊಂದು ಹೋಳಿಗೆ ಎತ್ತಿ ಮುಂದಿನ ಮಗುವಿಗೆ ಹಾಕಿದರು.

ಹಿರಿಯರು ಕೂತಾಗ ಹೋಳಿಗೆ ಮುಗಿದಿದ್ದವು. ಅನ್ನ, ಸಾರು, ಪಲ್ಯದ ತಳ. ಆ ರುಚಿಯ ಊಟ ನಾನು ಮಾಡಿದ್ದು ಕಡಿಮೆ.

ಮರುದಿನ ಸಮೋವಾದಂತೆ ತನಗೂ ರಜೆ ಬೇಕೆಂದು ಮಗಳು ವಾದಿಸಿ ಸೋತಳು. ಶಾಲೆಯ ಮಾತು ಅವಳಾಗಿ ಎತ್ತಲಿಲ್ಲ, ನಾನು ಕೇಳಲಿಲ್ಲ. ಕೇಳದೆ ಇರುವುದನ್ನು ಆಗಷ್ಟೇ ಕಲಿಯುತ್ತಿದ್ದೆ. ದಸರೆಯ ರಜೆ ಕಳೆದು ಶಾಲೆ ತೆರೆದ ವಾರ, ಒಂದು ಸಂಜೆ ಬೂಟಿನ ದಾರ ಬಿಚ್ಚುತ್ತ ಅಂದಳು: “ಇವತ್ತು ಟೀಚರ್ ಪ್ರಶ್ನಿ ಕೇಳಿದ್ರು. ನಾ ಎದ್ದು ನಿಂತು ಉತ್ತರ ಹೇಳಿದೆ.”

“ಹೌದಾ?” ಅಂದೆ, ಆದಷ್ಟು ಸಾದಾ ದನಿಯಲ್ಲಿ.

“ತಪ್ಪಾತು.”

“ಆಮ್ಯಾಲೆ?”

“ಆಮ್ಯಾಲೆ ಏನಿಲ್ಲ. ಕುಂತೆ.” ಬೂಟು ಮೂಲೆಗೆ ಎಸೆದು ಆಡಲಿಕ್ಕೆ ಓಡಿದಳು.

ಯಾವ ಪ್ರಶ್ನೆ, ಏನು ಉತ್ತರ ಹೇಳಿದಳು, ಸರಿಯಾದದ್ದು ಯಾವುದು, ಒಂದೂ ಕೇಳಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಒಮ್ಮೊಮ್ಮೆ ಬಸ್ಸಿಗೆ ಕಾಯುವಾಗ ಅದು ತಲೆಗೆ ಬರುತ್ತದೆ. ಗಣಿತದ್ದಿರಬಹುದೇ, ಭೂಗೋಳದ್ದಿರಬಹುದೇ ಎಂದು ಚಿಂತಿಸುತ್ತ ನಿಂತಿರುತ್ತೇನೆ. ನನ್ನ ಚಿಂತೆಗಳಲ್ಲಿ ಖುಷಿ ಕೊಡುವುದು ಅದೊಂದೇ.